ತಲೆಯ ಮೇಲಿನ ಚಿಹ್ನೆ: ಲೇಟೆಕ್‌ನಲ್ಲಿ ಹೊಸ ಗಣಿತ ಆಕ್ಸೆಂಟ್ ಕಟ್ಟಿಕೊಳ್ಳುವ ಸಾಧನಗಳ ವಿಮರ್ಶೆ

ಗಣಿತ ಬರೆಯುವವರಿಗೆ ಅಕ್ಷರಗಳು ಬೇಗನೆ ಸಾಲದಾಗುತ್ತವೆ. ಒಂದೇ ‘ಎಕ್ಸ್’ ಮೂಲ ಚಲಕವೂ ಆಗಬೇಕು, ಅದರ ಅಂದಾಜೂ ಆಗಬೇಕು, ಸರಾಸರಿಯೂ ಆಗಬೇಕು ಎಂದಾಗ ಅದರ ತಲೆಯ ಮೇಲೆ ಟೋಪಿಯನ್ನೋ ಗೆರೆಯನ್ನೋ ಚುಕ್ಕೆಯನ್ನೋ ಇಟ್ಟು ಬೇರೆ ಮಾಡುತ್ತೇವೆ. ಡೊನಾಲ್ಡ್ ಕನೂತ್ ರೂಪಿಸಿದ, ಗಣಿತ ಬರಹವನ್ನು ಅಚ್ಚಿಗೆ ಜೋಡಿಸುವ ತಂತ್ರಾಂಶವಾದ ಟೆಕ್ ಮತ್ತು ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್ ಇಂಥ ಹತ್ತು ಹನ್ನೆರಡು ಆಕ್ಸೆಂಟ್‌ಗಳನ್ನು ಸಿದ್ಧವಾಗಿಯೇ ಕೊಡುತ್ತವೆ. ಹ್ಯಾಟ್, ಚೆಕ್, ಟಿಲ್ಡೆ, ಬಾರ್, ಬ್ರೀವ್, ಡಾಟ್, ವೆಕ್ ಎಂಬ ಕಮಾಂಡುಗಳನ್ನು ಬಳಸದ ಲೇಟೆಕ್ ಬಳಕೆದಾರರು ಇರಲಿಕ್ಕಿಲ್ಲ. ಈ ಬರಹ ಅವುಗಳನ್ನು ಕುರಿತದ್ದಲ್ಲ. ಆ ಪಟ್ಟಿಯಲ್ಲಿಲ್ಲದ ಒಂದು ನಕ್ಷತ್ರವನ್ನೋ ಅರ್ಧಬಾಣವನ್ನೋ ತ್ರಿಕೋನವನ್ನೋ ಆಕ್ಸೆಂಟ್ ಆಗಿ ಬಳಸಬೇಕಾದಾಗ ಲೇಟೆಕ್ ಎಂಥ ಸೌಲಭ್ಯ ಕೊಡುತ್ತದೆ, ಆ ಸೌಲಭ್ಯಗಳಲ್ಲಿ ಯಾವುದನ್ನು ನೆಚ್ಚಬಹುದು ಎಂಬುದಷ್ಟೇ ಇಲ್ಲಿಯ ವಿಷಯ.

ಅಕ್ಷರದ ಮೇಲೆ ಏನನ್ನಾದರೂ ಪೇರಿಸುವುದು ಲೇಟೆಕ್‌ನಲ್ಲಿ ಬಹಳ ಸುಲಭ. ಹಾಗೆ ಪೇರಿಸಿದ್ದು ನಿಜವಾದ ಆಕ್ಸೆಂಟ್‌ನಂತೆ ನಡೆದುಕೊಳ್ಳುವಂತೆ ಮಾಡುವುದು ಮಾತ್ರ ಸುಲಭವಲ್ಲ, ಮತ್ತು ಈ ಎರಡರ ನಡುವಿನ ಅಂತರವನ್ನು ಹೆಚ್ಚಿನ ಸಲಹೆ ಬರಹಗಳು ಗಮನಿಸುವುದೇ ಇಲ್ಲ. ಆದ್ದರಿಂದ ಸಾಧನಗಳನ್ನು ತೂಗುವ ಮೊದಲು, ಟೆಕ್ ತನ್ನದೇ ಹ್ಯಾಟ್ ಅನ್ನು ಹೇಗೆ ಕೂರಿಸುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ.

10 ಪಾಯಿಂಟ್‌ನ ಕಂಪ್ಯೂಟರ್ ಮಾಡರ್ನ್ ಫಾಂಟನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸಣ್ಣ ‘ಎಕ್ಸ್’ ಅಕ್ಷರದ ಎತ್ತರ ಸುಮಾರು 4.31 ಪಾಯಿಂಟ್, ದೊಡ್ಡ ‘ಎ’ ಅಕ್ಷರದ್ದು 6.83 ಪಾಯಿಂಟ್. ಫಾಂಟಿನಲ್ಲಿ ಹ್ಯಾಟ್ ಚಿಹ್ನೆಯನ್ನು ಸಣ್ಣ ‘ಎಕ್ಸ್’ ಮೇಲೆ ಸರಿಯಾಗಿ ಕೂರುವ ಎತ್ತರದಲ್ಲೇ ಬಿಡಿಸಲಾಗಿದೆ. ಮೂಲಾಕ್ಷರ ಅದಕ್ಕಿಂತ ಎತ್ತರವಾಗಿದ್ದರೆ, ಎಷ್ಟು ಎತ್ತರವೋ ಅಷ್ಟು ಮಾತ್ರ, ಅಂದರೆ ‘ಎ’ ಅಕ್ಷರಕ್ಕೆ ಸುಮಾರು 2.53 ಪಾಯಿಂಟ್‌ನಷ್ಟು, ಟೆಕ್ ಚಿಹ್ನೆಯನ್ನು ಮೇಲಕ್ಕೆತ್ತುತ್ತದೆ. ಇದು ಎತ್ತರದ ಲೆಕ್ಕ. ಅಡ್ಡಲಾಗಿ ಎಲ್ಲಿ ಕೂರಬೇಕು ಎಂಬ ಲೆಕ್ಕ ಇನ್ನೂ ಜಾಣತನದ್ದು. ಓರೆ ಅಕ್ಷರಗಳ ತಲೆ ಅವುಗಳ ಅಗಲದ ನಡುವಿನಲ್ಲಿರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಎಷ್ಟು ಸರಿದಿದೆ ಎಂಬುದನ್ನು ಪ್ರತಿ ಅಕ್ಷರಕ್ಕೂ ಪ್ರತ್ಯೇಕವಾಗಿ ತಿಳಿಸಲು ಫಾಂಟಿನ ಕರ್ನಿಂಗ್ ಕೋಷ್ಟಕವನ್ನೇ, ಅಂದರೆ ಅಕ್ಕಪಕ್ಕದ ಅಕ್ಷರಗಳ ನಡುವಿನ ಅಂತರವನ್ನು ಹೊಂದಿಸುವ ಪಟ್ಟಿಯನ್ನೇ, ಬಳಸಿಕೊಳ್ಳಲಾಗಿದೆ. ಸ್ಕ್ಯೂಚಾರ್ ಎಂದು ಕರೆಯುವ ಒಂದು ಗೊತ್ತುಪಡಿಸಿದ ಅಕ್ಷರ, ಗಣಿತದ ಓರೆ ಫಾಂಟಿನಲ್ಲಿ 127ನೆಯದು, ಮೂಲಾಕ್ಷರದ ಪಕ್ಕದಲ್ಲಿ ಬಂದರೆ ಎಷ್ಟು ಕರ್ನ್ ಆಗುತ್ತದೆಯೋ ಅಷ್ಟೇ ದೂರ ಆಕ್ಸೆಂಟ್ ಬಲಕ್ಕೆ ಸರಿಯುತ್ತದೆ. ‘ಎಕ್ಸ್’ ಅಕ್ಷರಕ್ಕೆ ಇದು 0.28 ಪಾಯಿಂಟ್, ‘ಎ’ ಅಕ್ಷರಕ್ಕೆ 1.39, ಸಣ್ಣ ‘ಎಫ್’ ಅಕ್ಷರಕ್ಕೆ 1.67. ಕೇಳುವುದಕ್ಕೆ ಅಲ್ಪವೆನಿಸಿದರೂ ಈ ಒಂದೂವರೆ ಪಾಯಿಂಟ್ ತಪ್ಪಿದ ‘ಎಫ್’ ಅನ್ನು ಓದುಗರ ಕಣ್ಣು ತಕ್ಷಣ ಗುರುತಿಸುತ್ತದೆ, ಏಕೆಂದರೆ ಚಿಹ್ನೆ ಪಕ್ಕದ ಅಕ್ಷರಕ್ಕೆ ಸೇರಿದ್ದೇನೋ ಎಂಬಂತೆ ಎಡಕ್ಕೆ ಜಾರಿ ಕಾಣುತ್ತದೆ.

ಮೂರನೆಯ ಲಕ್ಷಣವನ್ನು ಬಹಳ ಜನ ಗಮನಿಸಿರುವುದಿಲ್ಲ. ಆಕ್ಸೆಂಟ್ ಹೊತ್ತ ಒಂಟಿ ಅಕ್ಷರಕ್ಕೆ ವರ್ಗದ ಘಾತವನ್ನು ಹಾಕಿದರೆ, ಟೆಕ್ ಆ 2ನ್ನು ಆಕ್ಸೆಂಟ್ ಇಲ್ಲವೇ ಇಲ್ಲವೆಂಬಂತೆ ಮೂಲಾಕ್ಷರದ ಎತ್ತರಕ್ಕೆ ತಕ್ಕ ಹಾಗೆ ಇಡುತ್ತದೆ. ಹೀಗಾಗಿ ಹ್ಯಾಟ್ ಇರುವ ‘ಎಕ್ಸ್’ ಮತ್ತು ಇಲ್ಲದ ‘ಎಕ್ಸ್’ ಒಂದೇ ಸಾಲಿನಲ್ಲಿ ಬಂದರೂ ಅವುಗಳ ಘಾತಗಳು ಒಂದೇ ಮಟ್ಟದಲ್ಲಿರುತ್ತವೆ. ಅಕ್ಷರದ ಅಗಲವೂ ಬದಲಾಗುವುದಿಲ್ಲ. ಚಿಹ್ನೆ ಅಕ್ಷರಕ್ಕಿಂತ ಅಗಲವಾಗಿದ್ದರೆ ಎರಡೂ ಕಡೆ ಚಾಚಿಕೊಳ್ಳುತ್ತದೆಯೇ ಹೊರತು ಪಕ್ಕದ ಅಕ್ಷರಗಳನ್ನು ದೂರ ತಳ್ಳುವುದಿಲ್ಲ.

ಎತ್ತರ, ಓರೆ, ಘಾತ, ಅಗಲ ಎಂಬ ಈ ಅಳತೆಗೋಲನ್ನು ಹಿಡಿದು ನೋಡಿದರೆ, ಎಲ್ಲರ ಕೈಗೆ ಮೊದಲು ಸಿಗುವ ಓವರ್‌ಸೆಟ್ ಕಮಾಂಡು ಪೂರ್ತಿಯಾಗಿ ಸೋಲುತ್ತದೆ. ಎಎಂಎಸ್‌ಮ್ಯಾಥ್ ಪ್ಯಾಕೇಜಿನ, ಅಂದರೆ ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕಮಾಂಡುಗಳ ಕಟ್ಟಿನ, ಈ ಕಮಾಂಡು ಇರುವುದೇ ಬೇರೆ ಕೆಲಸಕ್ಕೆ: ಸಮಾನ ಚಿಹ್ನೆಯ ಮೇಲೊಂದು ಟಿಪ್ಪಣಿ ಇಡುವುದು, ಬಾಣದ ಮೇಲೊಂದು ಹೆಸರು ಬರೆಯುವುದು ಇತ್ಯಾದಿ. ಅಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಅಕ್ಷರದ ಮೇಲೆ ಬಳಸಿದರೆ ಓರೆಯ ಲೆಕ್ಕವನ್ನು ನೋಡುವುದಿಲ್ಲ, ಮೇಲಿನ ಚಿಹ್ನೆಯನ್ನು 10 ಪಾಯಿಂಟ್ ಬರಹದಲ್ಲಿ 7 ಪಾಯಿಂಟ್ ಗಾತ್ರದಲ್ಲಿ ದಪ್ಪನಾಗಿ ಇಡುತ್ತದೆ, ಚಿಹ್ನೆ ಅಗಲವಾಗಿದ್ದರೆ ಅಕ್ಷರದ ಸುತ್ತ ಜಾಗ ಬಿಡುತ್ತದೆ, ಘಾತವನ್ನು ಒಟ್ಟು ಗೋಪುರದ ತುದಿಗೆ ಏರಿಸುತ್ತದೆ. ಹಳೆಯ ಸ್ಟ್ಯಾಕ್‌ರೆಲ್ ಇನ್ನೂ ಕಷ್ಟ: ಅದು ಹುಟ್ಟಿಸುವ ಯಾವುದನ್ನಾದರೂ ಸಂಬಂಧಚಿಹ್ನೆ ಎಂದೇ ಪರಿಗಣಿಸಿ ಎರಡೂ ಬದಿಗೆ ಅಂತರ ಸೇರಿಸುತ್ತದೆ. ಒಂದೆರಡು ಕಡೆ ಮಾತ್ರ ಬರುವ ಚಿಹ್ನೆಗೆ ಓವರ್‌ಸೆಟ್ ಸಾಕು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಇಡೀ ಪ್ರಬಂಧದಲ್ಲಿ ಹರಡಿಕೊಳ್ಳುವ ಸಂಕೇತಕ್ಕೆ ಅದನ್ನು ಬಳಸಬಾರದು.

ಲೇಟೆಕ್‌ನ ಸ್ವಂತ ಮತ್ತು ಸರಿಯಾದ ದಾರಿ ಡಿಕ್ಲೇರ್‌ಮ್ಯಾಥ್‌ಆಕ್ಸೆಂಟ್ ಎಂಬ ಕಮಾಂಡು. ಅದು ಕೇಳುವುದು ನಾಲ್ಕೇ ವಿಷಯ: ಹೊಸ ಕಮಾಂಡಿನ ಹೆಸರು, ಅದರ ಬಗೆ, ಚಿಹ್ನೆ ಇರುವ ಸಿಂಬಲ್ ಫಾಂಟು, ಆ ಫಾಂಟಿನಲ್ಲಿ ಅದರ ಸ್ಥಾನಸಂಖ್ಯೆ. ಉದಾಹರಣೆಗೆ ಹ್ಯಾಟ್ ಎಂದರೆ ಸಾಮಾನ್ಯ ನೇರ ಫಾಂಟಿನ 94ನೆಯ ಚಿಹ್ನೆ, ವೆಕ್ ಎಂದರೆ ಓರೆ ಅಕ್ಷರಗಳ ಫಾಂಟಿನ 126ನೆಯ ಚಿಹ್ನೆ. ತೆರೆಯ ಹಿಂದೆ ಇದು ಟೆಕ್‌ನ ಮ್ಯಾಥ್‌ಆಕ್ಸೆಂಟ್ ಎಂಬ ಮೂಲ ಕಮಾಂಡಿಗೆ 15 ಬಿಟ್‌ಗಳ ಒಂದು ಸಂಖ್ಯೆಯನ್ನು ಒಪ್ಪಿಸುತ್ತದೆ. ಅದರಲ್ಲಿ 3 ಬಿಟ್ ವರ್ಗಕ್ಕೆ, 4 ಬಿಟ್ ಫಾಂಟ್ ಕುಟುಂಬಕ್ಕೆ, ಅಂದರೆ ಒಂದು ಫಾಂಟಿನ ಮೂರು ಗಾತ್ರಗಳ ಗುಂಪಿಗೆ, 8 ಬಿಟ್ ಸ್ಥಾನಕ್ಕೆ. ಪಟ್ಟಿಯಲ್ಲಿಲ್ಲದ ಚಿಹ್ನೆ ಬೇಕಾದರೆ ಡಿಕ್ಲೇರ್‌ಸಿಂಬಲ್‌ಫಾಂಟ್ ಮೂಲಕ ಆ ಚಿಹ್ನೆಯಿರುವ ಫಾಂಟನ್ನು ಮೊದಲು ಕರೆಸಿಕೊಂಡು, ಅನಂತರ ಅದರಿಂದ ಒಂದು ಚಿಹ್ನೆಯನ್ನು ಮಾತ್ರ ಎರವಲು ಪಡೆಯಬಹುದು. ಮ್ಯಾಥ್‌ಎಬಿಎಕ್ಸ್ ಫಾಂಟುಗಳಿಂದ ಅಗಲವಾದ ಚೆಕ್ ಅನ್ನು, ವೈಎಚ್‌ಮ್ಯಾಥ್ ಫಾಂಟಿನಿಂದ ಅಗಲವಾದ ಕಮಾನನ್ನು ಹೀಗೆ ತರುವುದು ರೂಢಿಯಲ್ಲಿದೆ. ಇಡೀ ಪ್ಯಾಕೇಜನ್ನು ಸೇರಿಸಿದರೆ ಉಳಿದ ಚಿಹ್ನೆಗಳ ರೂಪವೂ ಬದಲಾಗುವ ಅಪಾಯವಿರುವುದರಿಂದ ಈ ಎರವಲಿನ ದಾರಿಯೇ ಮೇಲು. ಹೀಗೆ ಕಟ್ಟಿದ ಆಕ್ಸೆಂಟ್ ಮೇಲೆ ಹೇಳಿದ ನಾಲ್ಕೂ ಲಕ್ಷಣಗಳನ್ನು ಪುಕ್ಕಟೆಯಾಗಿ ಪಡೆಯುತ್ತದೆ, ಏಕೆಂದರೆ ಅದನ್ನು ಕೂರಿಸುವುದು ಟೆಕ್‌ನ ಅದೇ ಹಳೆಯ ಯಂತ್ರ.

ಇಷ್ಟು ಚೆನ್ನಾಗಿದ್ದೂ ಈ ಕಮಾಂಡು ಎಲ್ಲ ಕೆಲಸಕ್ಕೂ ಒದಗುವುದಿಲ್ಲ. ಆಕ್ಸೆಂಟ್ ಆಗಿಯೇ ಬಿಡಿಸಿದ ಚಿಹ್ನೆಗಳ ಮೇಲೆ ಮಾತ್ರ ಅದು ನಡೆಯುತ್ತದೆ. ಸಾಮಾನ್ಯ ನಕ್ಷತ್ರ ಚಿಹ್ನೆ ಸಾಲಿನ ನಡುಮಟ್ಟದಲ್ಲಿರುತ್ತದೆ. ಅದರ ಸ್ಥಾನಸಂಖ್ಯೆಯನ್ನು ಇಲ್ಲಿ ಕೊಟ್ಟರೆ ಟೆಕ್ ಅದನ್ನು ‘ಎಕ್ಸ್’ ಎತ್ತರಕ್ಕಿಂತ ಹೆಚ್ಚಿರುವ ಭಾಗದಷ್ಟು ಮಾತ್ರ ಎತ್ತುವುದರಿಂದ, ಸಣ್ಣ ‘ಎಕ್ಸ್’ ವಿಷಯದಲ್ಲಿ ನಕ್ಷತ್ರ ಅಕ್ಷರದ ಎದೆಯ ಮೇಲೆಯೇ ಅಚ್ಚಾಗುತ್ತದೆ. ಇನ್ನೊಂದು ಸೂಕ್ಷ್ಮವೆಂದರೆ, ಎತ್ತರದ ಲೆಕ್ಕಕ್ಕೆ ಟೆಕ್ ಬಳಸುವ ‘ಎಕ್ಸ್’ ಎತ್ತರ ಮೂಲಾಕ್ಷರದ ಫಾಂಟಿನದಲ್ಲ, ಆಕ್ಸೆಂಟ್ ಬಂದ ಫಾಂಟಿನದು. ಎರವಲು ತಂದ ಫಾಂಟಿನಲ್ಲಿ ಆ ಅಳತೆ ಸೊನ್ನೆಯಾಗಿದ್ದರೆ ಅಥವಾ ಹೊಂದದಿದ್ದರೆ ಚಿಹ್ನೆ ಅಕ್ಷರವನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತದೆ, ಮತ್ತು ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಬಗೆಯನ್ನು ಆರಿಸುವಾಗಲೂ ಜಾಗ್ರತೆ ಬೇಕು. ಮ್ಯಾಥ್‌ಆಲ್ಫಾ ಎಂದು ಹೇಳಿದರೆ, ಸುತ್ತಲಿನ ಅಕ್ಷರಶೈಲಿ ಬದಲಾದಾಗ ಆಕ್ಸೆಂಟ್ ಕೂಡ ಆ ಶೈಲಿಯ ಫಾಂಟಿನಿಂದಲೇ ಬರುತ್ತದೆ. ದಪ್ಪಕ್ಷರದ ಒಳಗೆ ಹ್ಯಾಟ್ ಕೂಡ ದಪ್ಪವಾಗುವುದು ಇದರಿಂದಲೇ, ಅದು ಒಳ್ಳೆಯದೇ. ಆದರೆ ಬೇರೆ ಪ್ಯಾಕೇಜುಗಳಿಲ್ಲದ ಬರಿಯ ಲೇಟೆಕ್‌ನಲ್ಲಿ, ಅಲಂಕಾರಿಕ ದೊಡ್ಡಕ್ಷರಗಳನ್ನು ಕೊಡುವ ಮ್ಯಾಥ್‌ಕ್ಯಾಲ್‌ನ ಒಳಗೆ ಟಿಲ್ಡೆ ಹಾಕಿದ ‘ಎ’ ಬರೆದು ನೋಡಬೇಕು. ಟಿಲ್ಡೆಯ ಸ್ಥಾನ 126. ಮ್ಯಾಥ್‌ಕ್ಯಾಲ್ ಬಳಸುವ ಚಿಹ್ನೆಗಳ ಫಾಂಟಿನಲ್ಲಿ 126ನೆಯ ಮನೆಯಲ್ಲಿರುವುದು ಇಸ್ಪೀಟಿನ ಆಟೀನು ಗುರುತು! ಹ್ಯಾಟ್ ಹಾಕಿದರೆ 94ನೆಯ ಮನೆಯ ‘ಮತ್ತು’ ಎಂಬ ತರ್ಕಚಿಹ್ನೆ ತಲೆಯೇರುತ್ತದೆ. ಟಿಲ್ಡೆಯನ್ನು ಹೊರಗೂ ಮ್ಯಾಥ್‌ಕ್ಯಾಲ್ ಅನ್ನು ಒಳಗೂ ಇಟ್ಟರೆ ಈ ತಮಾಷೆ ತಪ್ಪುತ್ತದೆ. ಎರವಲು ತಂದ ಚಿಹ್ನೆಗೆ ಮ್ಯಾಥ್‌ಆರ್ಡ್ ಎಂಬ ಬಗೆಯನ್ನು ಕೊಟ್ಟುಬಿಟ್ಟರೆ ಅದು ಯಾವ ಶೈಲಿಯ ಒಳಗಿದ್ದರೂ ತನ್ನ ಫಾಂಟನ್ನು ಬಿಡುವುದಿಲ್ಲ. ಹೊಸ ಆಕ್ಸೆಂಟ್‌ಗಳಿಗೆ ನನ್ನ ಆಯ್ಕೆ ಯಾವಾಗಲೂ ಇದೇ.

ಇನ್ನು ಎರವಲಿಗೆ ತೆರಬೇಕಾದ ಬೆಲೆ. ಹಳೆಯ ಟೆಕ್ ಮತ್ತು ಪಿಡಿಎಫ್‌ಟೆಕ್ ಯಂತ್ರಗಳಲ್ಲಿ ಒಟ್ಟು 16 ಗಣಿತ ಫಾಂಟ್ ಕುಟುಂಬಗಳಿಗೆ ಮಾತ್ರ ಜಾಗವಿದೆ. ಅದರಲ್ಲಿ 4 ಲೇಟೆಕ್‌ಗೆ ಆರಂಭದಲ್ಲೇ ಹೋಗುತ್ತವೆ, ಎಎಂಎಸ್ ಚಿಹ್ನೆಗಳು 2 ತೆಗೆದುಕೊಳ್ಳುತ್ತವೆ, ದಪ್ಪಕ್ಷರ, ಲಿಪಿಯಕ್ಷರಗಳ ಪ್ಯಾಕೇಜುಗಳು ಉಳಿದದ್ದರಲ್ಲಿ ಪಾಲು ಕೇಳುತ್ತವೆ. ಒಂದೇ ಒಂದು ಚಿಹ್ನೆಗಾಗಿ ಒಂದು ಕುಟುಂಬವನ್ನು ಕೊಡುತ್ತ ಹೋದರೆ, ಗಣಿತ ವರ್ಣಮಾಲೆಗಳು ಹೆಚ್ಚಾದುವೆಂಬ ದೋಷಸಂದೇಶ ಒಂದು ದಿನ ಎದುರಾಗುವುದು ಖಂಡಿತ. ಹೊಸ ಯಂತ್ರಗಳಾದ ಕ್ಸೀಟೆಕ್ ಮತ್ತು ಲುವಾಟೆಕ್‌ಗಳಲ್ಲಿ ಈ ಮಿತಿ 256ಕ್ಕೆ ಏರಿರುವುದರಿಂದ ಅಲ್ಲಿ ಈ ಚಿಂತೆ ಇಲ್ಲ.

ಯಾವ ಫಾಂಟಿನಲ್ಲೂ ಆಕ್ಸೆಂಟ್ ರೂಪದಲ್ಲಿ ಇಲ್ಲದ ಚಿಹ್ನೆಗಾಗಿ ಹಾವಿಯೆರ್ ಬೆಸೋಸ್ ಬರೆದ ಆಕ್ಸೆಂಟ್ಸ್ ಎಂಬ ಪ್ಯಾಕೇಜ್ ಇದೆ. ಈ ವಿಮರ್ಶೆಯಲ್ಲಿ ನಾನು ಮನಸ್ಸಿಟ್ಟು ಶಿಫಾರಸು ಮಾಡುವ ಸಾಧನ ಇದೇ. ಇದರ ಆಕ್ಸೆಂಟ್‌ಸೆಟ್ ಕಮಾಂಡಿಗೆ ಮೊದಲು ಚಿಹ್ನೆಯನ್ನೂ ಅನಂತರ ಅಕ್ಷರವನ್ನೂ ಕೊಟ್ಟರೆ ಸಾಕು. ಚಿಹ್ನೆ ಎಲ್ಲಿಂದ ಬಂದದ್ದಾದರೂ ಅದನ್ನು ಅತಿ ಚಿಕ್ಕ ಗಾತ್ರಕ್ಕೆ, ಅಂದರೆ 10 ಪಾಯಿಂಟ್ ಬರಹದಲ್ಲಿ 5 ಪಾಯಿಂಟ್‌ಗೆ ಇಳಿಸಿ, ಅಕ್ಷರದ ಓರೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕೂರಿಸುತ್ತದೆ. ‘ಎಫ್’ ಮೇಲೆ ಓವರ್‌ಸೆಟ್‌ನಿಂದ ಇಟ್ಟ ನಕ್ಷತ್ರವನ್ನೂ ಆಕ್ಸೆಂಟ್‌ಸೆಟ್‌ನಿಂದ ಇಟ್ಟ ನಕ್ಷತ್ರವನ್ನೂ ಅಕ್ಕಪಕ್ಕ ಅಚ್ಚು ಹಾಕಿ ನೋಡಿದವರಿಗೆ ಬೇರೆ ವಾದ ಬೇಕಾಗುವುದಿಲ್ಲ. ಹೊಸ ಫಾಂಟ್ ಕುಟುಂಬವನ್ನು ಇದು ಬೇಡುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ಕೊರತೆಗಳೂ ಇವೆ. ಚಿಹ್ನೆ ಈಗಾಗಲೇ ಅತಿ ಚಿಕ್ಕ ಗಾತ್ರದಲ್ಲಿರುವುದರಿಂದ, ಅಕ್ಷರ ಕೆಳಬರಹಕ್ಕೆ ಇಳಿದು 7 ಪಾಯಿಂಟ್ ಆದಾಗ ಚಿಹ್ನೆಗೆ ಇನ್ನೂ ಕುಗ್ಗಲು ಜಾಗವಿಲ್ಲ. ಸಾಲಿನಲ್ಲಿ ಹಗುರಾಗಿ ಕಂಡ ನಕ್ಷತ್ರ ಕೆಳಬರಹದಲ್ಲಿ ಭಾರವಾಗಿ ಕಾಣುತ್ತದೆ. ಇದು ಕಣ್ಣಿಗೆ ಚುಚ್ಚಿದರೆ ಮ್ಯಾಥ್‌ಚಾಯ್ಸ್ ಬಳಸಿ ನಾಲ್ಕು ಗಾತ್ರಗಳಿಗೂ ಬೇರೆ ಬೇರೆ ರೂಪ ಬರೆದುಕೊಳ್ಳಬಹುದು, ಆದರೆ ಮ್ಯಾಥ್‌ಚಾಯ್ಸ್ ಪ್ರತಿ ಬಾರಿಯೂ ನಾಲ್ಕೂ ರೂಪಗಳನ್ನು ಜೋಡಿಸಿಟ್ಟುಕೊಂಡು ಕೊನೆಗೆ ಒಂದನ್ನು ಆರಿಸುವುದರಿಂದ ಅದು ಹೊರೆಯ ಕೆಲಸ. ನಕ್ಷತ್ರದ ಕಡ್ಡಿಗಳು 5 ಪಾಯಿಂಟ್‌ನಲ್ಲಿ ತೆಳುವಾಗುತ್ತವೆ ಎಂಬುದೂ ನಿಜ. ಆಕ್ಸೆಂಟ್ ಆಗಿಯೇ ಬಿಡಿಸಿದ ಹ್ಯಾಟ್‌ನ ಗೆರೆ ಮೂಲಾಕ್ಷರದ ಗೆರೆಗೆ ಹೊಂದಿಕೊಂಡಿರುತ್ತದೆ, ಕುಗ್ಗಿಸಿದ ಚಿಹ್ನೆಗೆ ಆ ಹೊಂದಿಕೆ ಬರುವುದಿಲ್ಲ. ಹಾಗಾಗಿ ಫಾಂಟಿನಲ್ಲಿ ನಿಜವಾದ ಆಕ್ಸೆಂಟ್ ಸಿಕ್ಕುವುದಾದರೆ ಡಿಕ್ಲೇರ್‌ಮ್ಯಾಥ್‌ಆಕ್ಸೆಂಟ್, ಸಿಕ್ಕದಿದ್ದರೆ ಮಾತ್ರ ಆಕ್ಸೆಂಟ್‌ಸೆಟ್ ಎಂಬುದು ನನ್ನ ಸಲಹೆ.

ಒಂದರ ಮೇಲೊಂದು ಆಕ್ಸೆಂಟ್ ಹಾಕುವವರು ಎಎಂಎಸ್‌ಮ್ಯಾಥ್ ಸೇರಿಸಿಕೊಳ್ಳದೆ ಇರಬಾರದು. ಬರಿಯ ಟೆಕ್‌ನಲ್ಲಿ ಎರಡನೆಯ ಹ್ಯಾಟ್‌ಗೆ ಓರೆಯ ಲೆಕ್ಕ ಸಿಗುವುದಿಲ್ಲ, ಏಕೆಂದರೆ ಮೂಲ ಒಂಟಿ ಅಕ್ಷರವಾಗಿದ್ದಾಗ ಮಾತ್ರ ಆ ಲೆಕ್ಕ. ಸ್ಕ್ಯೂ ಎಂಬ ಕಮಾಂಡಿನಿಂದ ಕೈಯಾರೆ ತಳ್ಳಬೇಕಾಗುತ್ತಿತ್ತು. ಎಎಂಎಸ್‌ಮ್ಯಾಥ್ ಅದನ್ನು ತಾನೇ ಸರಿಪಡಿಸುತ್ತದೆ. ‘ಐ’ ಮತ್ತು ‘ಜೆ’ ಅಕ್ಷರಗಳ ಚುಕ್ಕೆಯನ್ನು ತೆಗೆಯುವ ಕೆಲಸ ಮಾತ್ರ ಇಂದಿಗೂ ಬರೆಯುವವರದೇ. ಐಮ್ಯಾಥ್, ಜೆಮ್ಯಾಥ್ ಕಮಾಂಡುಗಳನ್ನು ನೆನಪಿನಿಂದ ಹಾಕಬೇಕು, ಇಲ್ಲವಾದರೆ ಟೋಪಿಯ ಕೆಳಗೆ ಚುಕ್ಕೆ ಸಿಕ್ಕಿಕೊಳ್ಳುತ್ತದೆ.

ಅಗಲವಾದ ಆಕ್ಸೆಂಟ್‌ಗಳ ವಿಷಯದಲ್ಲಿ ಎಲ್ಲ ಸಾಧನಗಳೂ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಕಂಪ್ಯೂಟರ್ ಮಾಡರ್ನ್‌ನ ಅಗಲ ಹ್ಯಾಟ್ ಮೂರು ಗಾತ್ರಗಳಲ್ಲಿ ಮಾತ್ರ ಇದೆ, ಅತಿ ದೊಡ್ಡದರ ಅಗಲ 10 ಪಾಯಿಂಟ್ ಫಾಂಟಿನಲ್ಲಿ ಸುಮಾರು 14.4 ಪಾಯಿಂಟ್. ಅದಕ್ಕಿಂತ ಉದ್ದದ ಪದಕ್ಕೆ ಅದು ನಡುವಿನಲ್ಲಿ ಕೂತುಕೊಳ್ಳುತ್ತದೆ. ವೈಎಚ್‌ಮ್ಯಾಥ್ ಇನ್ನೂ ಅಗಲವಾದ ರೂಪಗಳನ್ನು ಕೊಡುತ್ತದೆ. ಸ್ಕೇಲ್‌ರೆಲ್ ಪ್ಯಾಕೇಜಿನಿಂದ ಚಿಹ್ನೆಯನ್ನು ಬೇಕಾದಷ್ಟು ಎಳೆಯಬಹುದು, ಆದರೆ ಎಳೆದಂತೆ ಗೆರೆಯ ದಪ್ಪವೂ ಕೆಡುತ್ತದೆ. ಅಷ್ಟು ಉದ್ದದ ಪದಕ್ಕೆ ಟೋಪಿ ಹಾಕುವ ಬದಲು ಇಡೀ ಪದಕ್ಕೆ ಬೇರೊಂದು ಹೆಸರಿಡುವುದು ಓದುಗರಿಗೂ ಹಿತ.

ಹೊಸ ಕಾಲದ ದಾರಿ ಯೂನಿಕೋಡ್ ಗಣಿತ ಫಾಂಟುಗಳದು. ಮೈಕ್ರೋಸಾಫ್ಟ್ ಆಫೀಸ್ 2007ರ ಜೊತೆ ಕ್ಯಾಂಬ್ರಿಯಾ ಮ್ಯಾಥ್ ಫಾಂಟಿನಲ್ಲಿ ಬಂದ ಓಪನ್‌ಟೈಪ್ ಗಣಿತ ಕೋಷ್ಟಕ, ಪ್ರತಿ ಅಕ್ಷರಕ್ಕೂ ಆಕ್ಸೆಂಟ್ ಎಲ್ಲಿ ಅಂಟಬೇಕೆಂಬ ಬಿಂದುವನ್ನು ನೇರವಾಗಿಯೇ ಹೇಳುತ್ತದೆ. ಕರ್ನಿಂಗ್ ಕೋಷ್ಟಕದಲ್ಲಿ ಅಡಗಿಸಿಟ್ಟ ಹಳೆಯ ಉಪಾಯ ಇಲ್ಲಿ ಬೇಕಿಲ್ಲ. ದೊಡ್ಡಕ್ಷರಗಳ ಮೇಲೆ ಹಾಕಲು ಚಪ್ಪಟೆಯಾದ ಆಕ್ಸೆಂಟ್ ರೂಪಗಳನ್ನು, ಚುಕ್ಕೆಯಿಲ್ಲದ ‘ಐ’ ರೂಪವನ್ನು ಕೊಡುವ ವ್ಯವಸ್ಥೆಯೂ ಫಾಂಟಿನಲ್ಲೇ ಇರಬಹುದು. ಯೂನಿಕೋಡ್‌ನಲ್ಲಿ ಚಿಹ್ನೆಗಳಿಗೆಂದೇ ಇರುವ ಸಂಯೋಜಕ ಗುರುತುಗಳ ವಿಭಾಗದಲ್ಲಿ ಮೂರು ಚುಕ್ಕೆ, ನಾಲ್ಕು ಚುಕ್ಕೆ, ಎಡಬಲದ ಅರ್ಧಬಾಣಗಳು, ಮೇಲೆ ಕೂರುವ ನಕ್ಷತ್ರ ಎಲ್ಲವೂ ಇವೆ. ಲುವಾಟೆಕ್‌ನ ಯುಮ್ಯಾಥ್‌ಆಕ್ಸೆಂಟ್ ಕಮಾಂಡಿಗೆ ಇವುಗಳ ಸಂಖ್ಯೆಯನ್ನು ಕೊಟ್ಟರೆ ಒಂದೇ ಸಾಲಿನಲ್ಲಿ ಹೊಸ ಆಕ್ಸೆಂಟ್ ಸಿದ್ಧ. ಆರಿಸಿಕೊಂಡ ಫಾಂಟಿನಲ್ಲಿ ಆ ಗುರುತು ಇರಬೇಕು ಎಂಬುದೊಂದೇ ಷರತ್ತು, ಮತ್ತು ಎಲ್ಲ ಫಾಂಟುಗಳೂ ಎಲ್ಲ ಗುರುತುಗಳನ್ನು ಹೊತ್ತಿರುವುದಿಲ್ಲ.

2023ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಟೈಪ್‌ಸ್ಟ್ ಎಂಬ ಬೇರೊಂದು ಅಚ್ಚುಜೋಡಣೆಯ ತಂತ್ರಾಂಶ ಇದೇ ಕೋಷ್ಟಕವನ್ನು ಬಳಸುತ್ತದೆ. ಅದರ ಆಕ್ಸೆಂಟ್ ಫಂಕ್ಷನ್‌ಗೆ ಮೂಲವನ್ನೂ ಗುರುತನ್ನೂ ಕೊಟ್ಟರೆ ಸಾಕು, ಫಾಂಟ್ ಕುಟುಂಬ, ಬಗೆ, ಸ್ಥಾನಸಂಖ್ಯೆಗಳ ಗೊಡವೆ ಇಲ್ಲ. ಗುರುತು ಒಂದೇ ಅಕ್ಷರವಾಗಿರಬೇಕು. ನೀವೇ ಬಿಡಿಸಿದ ಚಿತ್ರವನ್ನೋ ಎರಡು ಚಿಹ್ನೆಗಳ ಜೋಡಿಯನ್ನೋ ಇಡಬೇಕೆಂದರೆ ಅಟ್ಯಾಚ್ ಫಂಕ್ಷನ್‌ಗೆ ಹೋಗಬೇಕಾಗುತ್ತದೆ, ಅಲ್ಲಿ ಮತ್ತೆ ಓವರ್‌ಸೆಟ್‌ನ ಅವಲಕ್ಷಣಗಳೇ ಕಾದಿರುತ್ತವೆ.

ಅಕ್ಷರದ ಕೆಳಗೆ ಚಿಹ್ನೆ ಇಡಬೇಕಾದವರಿಗೆ ಈ ಯಾವ ವ್ಯವಸ್ಥೆಯೂ ಪೂರ್ತಿ ನ್ಯಾಯ ಒದಗಿಸಿಲ್ಲ. ಮೂಲ ಟೆಕ್‌ನಲ್ಲಿ ಕೆಳ ಆಕ್ಸೆಂಟ್ ಎಂಬುದೇ ಇಲ್ಲ, ಓಪನ್‌ಟೈಪ್ ಕೋಷ್ಟಕವೂ ಮೇಲಿನ ಬಿಂದುವನ್ನಷ್ಟೇ ದಾಖಲಿಸುತ್ತದೆ. ಆಕ್ಸೆಂಟ್ಸ್ ಪ್ಯಾಕೇಜಿನ ಅಂಡರ್‌ಆಕ್ಸೆಂಟ್ ಮತ್ತು ಅಂಡರ್‌ಟಿಲ್ಡೆ ಕಮಾಂಡುಗಳು ಈ ಕೊರತೆಯನ್ನು ತುಂಬಲು ಮಾಡಿದ ಅಚ್ಚುಕಟ್ಟಾದ ಪ್ರಯತ್ನ. ಸಣ್ಣ ‘ಎಕ್ಸ್’, ‘ಎ’ಗಳ ಕೆಳಗೆ ಅವು ಚೆನ್ನಾಗಿ ಕಾಣುತ್ತವೆ. ಬಾಲ ಕೆಳಗಿಳಿಯುವ ‘ವೈ’, ‘ಜಿ’ಗಳ ವಿಷಯದಲ್ಲಿ ಚಿಹ್ನೆ ಬಾಲದ ಕೆಳಕ್ಕೆ ಹೋಗಿ, ಕೆಳಗಿನ ಸಾಲನ್ನು ಮುಟ್ಟುವಷ್ಟು ಇಳಿಯುತ್ತದೆ. ಸಂಕೇತ ಇನ್ನೂ ನಿಮ್ಮ ಕೈಯಲ್ಲಿದ್ದರೆ, ಕೆಳ ಆಕ್ಸೆಂಟ್ ಹಾಕುವ ಚಲಕಗಳಿಗೆ ಬಾಲವಿಲ್ಲದ ಅಕ್ಷರಗಳನ್ನೇ ಆರಿಸಿಕೊಳ್ಳಿ. ಪ್ರಕಾಶಕರು ಹಳೆಯ ಪಿಡಿಎಫ್‌ಟೆಕ್‌ನಲ್ಲೇ ಕಡತ ಕೇಳುವ ಸಂದರ್ಭಗಳು ಇನ್ನೂ ಸಾಕಷ್ಟಿರುವುದರಿಂದ, ಯೂನಿಕೋಡ್ ದಾರಿ ಹಿಡಿಯುವ ಮೊದಲು ಅವರ ನಿಯಮವನ್ನು ಓದಿ, ಹೊಸ ಆಕ್ಸೆಂಟ್‌ನ ವ್ಯಾಖ್ಯೆಯನ್ನು ಕಡತದ ತಲೆಯಲ್ಲಿ ಒಂದೇ ಕಡೆ ಬರೆದಿಟ್ಟಿರಿ. ಯಂತ್ರ ಬದಲಾದಾಗ ತಿದ್ದಬೇಕಾದದ್ದು ಆ ಒಂದು ಸಾಲು ಮಾತ್ರ.